ಮುಳುಗಿದ ಹೊಲಕ್ಕೆ ಒಂದು ಮುಷ್ಟಿ ಚರಗ

ನಾನು ಚಿಕ್ಕವಳಿದ್ದಾಗ ನಮ್ಮ ಹೊಲದ ಮೇಲೆ ದೋಣಿಗಳು ಓಡಾಡುತ್ತಿದ್ದವು. ನಗಬೇಡಿ ಮಕ್ಕಳೇ, ಇದ್ದದ್ದನ್ನೇ ಹೇಳುತ್ತಿದ್ದೇನೆ. ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದ ಮೇಲೆ ಮಲಪ್ರಭೆಯ ನೀರು ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಒಂದು ಮಳೆಗಾಲದಲ್ಲಿ ನಮ್ಮ ಹೊಲದ ಬದುವಿನ ತನಕ ಬಂತು. ಮುಂದಿನ ಮಳೆಗಾಲದಲ್ಲಿ ಬದುವನ್ನೂ ನುಂಗಿತು. ನಾವು ಗಂಟುಮೂಟೆ ಕಟ್ಟಿಕೊಂಡು ಬೈಲಹೊಂಗಲಕ್ಕೆ ಬಂದೆವು. ಅಪ್ಪ ಅಲ್ಲಿ ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿದ. ಸಂಜೆ ಮನೆಗೆ ಬಂದಾಗ ಅವನ ಹುಬ್ಬಿನ ಮೇಲೆ, ಕಿವಿಯ ಮೇಲೆ ಹತ್ತಿಯ ಎಳೆ ಕೂತಿರುತ್ತಿತ್ತು. ನಾನು ಅವನ ತೊಡೆಯ ಮೇಲೆ ಕೂತು ಒಂದೊಂದನ್ನೇ ಹೆಕ್ಕಿ ತೆಗೆಯುತ್ತಿದ್ದೆ.

ಹೊಲ ಮುಳುಗಿದ್ದಕ್ಕೆ ಬಂದ ಪರಿಹಾರದ ಹಣದಲ್ಲಿ ನನ್ನನ್ನು ಕಾನ್ವೆಂಟ್ ಶಾಲೆಗೆ ಹಾಕಿದರು. ಅಕ್ಕನ ಓದು ಅಷ್ಟರಲ್ಲಿ ನಿಂತಿತ್ತು, ಹೀಗಾಗಿ ಆ ಭಾಗ್ಯ ನನ್ನೊಬ್ಬಳಿಗೇ ಬಂತು. ನೀಲಿ ಸ್ಕರ್ಟು, ಬಿಳಿ ರಿಬ್ಬನ್ನು, ಮಾತಾಡುವಾಗ ಕೈಕಟ್ಟಿ ನಿಲ್ಲಬೇಕು. ಸಿಸ್ಟರು ಕಲಿಸಿದ ಇಂಗ್ಲಿಷನ್ನು ನಾನು ಕಂಡಕಂಡಲ್ಲಿ ಓದುತ್ತಿದ್ದೆ. ಸೋಪಿನ ಕಾಗದ, ಔಷಧಿ ಬಾಟಲಿ, ಬೆಂಕಿಪೊಟ್ಟಣ, ಯಾವುದನ್ನೂ ಬಿಡುತ್ತಿರಲಿಲ್ಲ. ಅಪ್ಪನ ತಾಯಿಯನ್ನು ನಾವು ಆಯಿ ಅನ್ನುತ್ತಿದ್ದೆವು. ನಾನು ಓದಿದಾಗಲೆಲ್ಲ ಆಯಿ ಬಾಯಿ ತೆರೆದು ಕೇಳುತ್ತಿದ್ದಳು. "ಓದಬೇ ನನ್ನ ಗಿಣಿ, ಇನ್ನೊಮ್ಮಿ ಓದು," ಅನ್ನುತ್ತಿದ್ದಳು. ಒಂದು ಅಕ್ಷರವೂ ತಿಳಿಯದಿದ್ದರೂ ತಲೆದೂಗುತ್ತಿದ್ದಳು.

ಈಗ ಚರಗದ ಸಂಗತಿ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ನಮ್ಮ ಕಡೆ ಎಳ್ಳಮಾಸಿಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಮಾಡಿದ ಅಡಿಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ತೆಗೆದು ಒಂದು ಪಾತ್ರೆಯಲ್ಲಿ ಕಲಸುತ್ತಾರೆ. ಅದೇ ಚರಗ. ಒಬ್ಬರು "ಹುಲ್ಲುಲ್ಲಿಗೋ" ಎಂದು ಕೂಗುತ್ತ ಅದನ್ನು ಪೈರಿನ ಮೇಲೆ ಚೆಲ್ಲುತ್ತ ಹೊಲ ಸುತ್ತುತ್ತಾರೆ. ಅವರ ಹಿಂದೆ ಇನ್ನೊಬ್ಬರು ತಂಬಿಗೆಯಿಂದ ನೀರು ಚಿಮುಕಿಸುತ್ತ ನಡೆಯುತ್ತಾರೆ. ಊಟ ಆದ ಮೇಲೆ ನೀರು ಬೇಕಲ್ಲ, ಅದಕ್ಕೆ. ಭೂಮಿತಾಯಿ ಆ ಹೊತ್ತಿಗೆ ಬಸುರಿ ಎಂದು ಆಯಿ ಹೇಳುತ್ತಿದ್ದಳು. ಬಸುರಿಯ ಬಯಕೆ ತೀರಿಸದೆ ಮನೆಯವರು ಉಣ್ಣಬಾರದು.

ಹೊಲ ಮುಳುಗಿದ ಮೇಲೆ ಪ್ರತಿ ಎಳ್ಳಮಾಸಿಗೆ ಆಯಿ ಉಪವಾಸ ಕೂರುತ್ತಿದ್ದಳು. ಅವ್ವ ತಾಟು ಮುಂದಿಟ್ಟರೆ ಸರಿಸಿ, "ಹೊಲ ಹಸಗೊಂಡೈತಿ, ನನಗ ಹೆಂಗ ಇಳೀತೈತಿ?" ಅನ್ನುತ್ತಿದ್ದಳು. ಅಪ್ಪ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ.

ನಾನು ನಾಲ್ಕನೇ ಇಯತ್ತೆಯಲ್ಲಿದ್ದ ವರ್ಷ ಅಪ್ಪ ಒಂದು ಸುದ್ದಿ ತಂದ. ಹಿನ್ನೀರಿನ ಒಂದು ಚಾಚು ನಮ್ಮ ಹಳೆಯ ಊರಿನ ಅಂಚಿಗೆ ಬಂದು ನಿಂತಿದ್ದ ಕಡೆ ಒಡ್ಡು ಹಾಕಿ ಕೊಳ ಮಾಡಿದ್ದಾರೆ, ಸುತ್ತಲೂ ತೋಟ ಮಾಡಿದ್ದಾರೆ, ಬಾತುಕೋಳಿ ಬಿಟ್ಟಿದ್ದಾರೆ, ದೋಣಿಯಲ್ಲಿ ಕೂಡ್ರಿಸಿ ಸುತ್ತಾಡಿಸುತ್ತಾರೆ ಎಂದ. ನಾನೂ ಅಕ್ಕನೂ ಕುಣಿದೆವು. ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಆಯಿ ಕೈ ನಿಲ್ಲಿಸಿದಳು.

"ಯಾ ಕಡೆ ಐತೋ ಅದು?"

"ನಮ್ಮ ಹೊಲದ ಕಡೆನಬೇ. ಆ ಕೊಳದಾಗ ನಮ್ಮ ಹೊಲಾನೂ ಬಂತು ಅನ್ನು."

ಆಯಿ ಕೈಯಲ್ಲಿದ್ದ ಬತ್ತಿಯನ್ನು ಪಕ್ಕಕ್ಕಿಟ್ಟಳು. ಆಮೇಲೆ, "ಹಂಗಾರ ಅಮಾಸಿ ದಿನಾ ಹೋಗೂಣು," ಅಂದಳು. ಅಷ್ಟೇ.

ನಸುಕಿನಲ್ಲಿ ಎದ್ದಾಗ ಮನೆಯೆಲ್ಲ ಹುರಿದ ಎಳ್ಳಿನ ವಾಸನೆ. ಅವ್ವ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗಳನ್ನು ಬಿಳಿ ಅರಿವೆಯಲ್ಲಿ ಸುತ್ತುತ್ತಿದ್ದಳು. ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಡಬು, ಮೊಸರನ್ನ. ಆಯಿ ಯಾರಿಗೂ ಮುಟ್ಟಗೊಡದೆ ಒಂದು ಹಿತ್ತಾಳೆಯ ಬೋಗುಣಿಯಲ್ಲಿ ತಾನೇ ಚರಗ ಕಲಸಿದಳು. ಹೊಲ ಸುತ್ತುವ ದಿನ ಉಡುತ್ತಿದ್ದ ಹಸಿರು ಇಳಕಲ್ ಸೀರೆಯನ್ನು ಟ್ರಂಕಿನಿಂದ ತೆಗೆದು ಉಟ್ಟಳು. ಅದರ ಮಡಿಕೆಗಳಲ್ಲಿ ಡಾಂಬರಗುಳಿಗೆಯ ವಾಸನೆ ಇತ್ತು. ಸವದತ್ತಿ ಬಸ್ಸಿನಲ್ಲಿ ಆಯಿ ಆ ಬೋಗುಣಿಯನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬಸ್ಸು ಎತ್ತಿ ಹಾಕಿದಾಗಲೆಲ್ಲ ಅದರ ಮೇಲೆ ಕೈ ಇಡುತ್ತಿದ್ದಳು.

ತೋಟ ಚಂದವಿತ್ತು. ಅದರಲ್ಲಿ ಸುಳ್ಳು ಹೇಳಲಾರೆ. ಕಬ್ಬಿಣದ ಗೇಟಿನ ಎರಡೂ ಕಡೆ ಕಾಗದದ ಹೂವಿನ ಬಳ್ಳಿ, ಸುಣ್ಣ ಬಳಿದ ಇಟ್ಟಿಗೆಯ ಅಂಚು, ಜೋಕಾಲಿ, ಜಾರುಬಂಡೆ. ನೀರಿನ ದಂಡೆಯಲ್ಲಿ ಒಂದು ಸಿಮೆಂಟಿನ ಮೊಲ ಬಾಯಿ ತೆರೆದು ನಿಂತಿತ್ತು. ಅದರ ಹೊಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ಏನೋ ಬರೆದಿದ್ದರು. ನಾನು ಓಡಿಹೋಗಿ ಓದಿದೆ. "ಯೂಸ್ ಮಿ! ಆಯಿ, ಇದು ಕಸದ ಡಬ್ಬಿ. ನನ್ನನ್ನು ಉಪಯೋಗಿಸಿ ಅಂತ ಮೊಲಾನ ಹೇಳಾಕತ್ತೈತಿ!"

"ನಮ್ಮವ್ವಾ, ಮೊಲದ ಮಾತೂ ತಿಳೀತಾವ ಇಕಿಗೆ," ಎಂದು ಆಯಿ ನನ್ನ ಗಲ್ಲ ಸವರಿದಳು. ಆದರೆ ಅವಳ ಕಣ್ಣು ನೀರಿನ ಮೇಲಿತ್ತು. ದೂರದ ಗುಡ್ಡದ ಸಾಲನ್ನು ನೋಡಿ, ಒಡ್ಡನ್ನು ನೋಡಿ, ಕೊನೆಗೆ ಕೊಳದ ನಡುವೆ ಕೈ ತೋರಿಸಿದಳು. ಅಲ್ಲಿ ಒಂದು ಒಣಗಿದ ಮರದ ತುದಿ ನೀರಿನಿಂದ ಮೇಲೆ ಚಾಚಿಕೊಂಡಿತ್ತು. ಎರಡು ಕರಿಯ ನೀರುಕಾಗೆಗಳು ರೆಕ್ಕೆ ಹರವಿ ಬಿಸಿಲು ಕಾಯಿಸುತ್ತಿದ್ದವು.

"ನಮ್ಮ ಬನ್ನಿ ಗಿಡ," ಅಂದಳು. "ಅದರ ಬುಡಕ ನಿಮ್ಮಪ್ಪನ ತೊಟ್ಲಾ ಕಟ್ಟಿ ಕಸಾ ತಗೀತಿದ್ನಿ."

ಅಪ್ಪ ಬೇರೆ ಕಡೆ ನೋಡಿದ.

ಆಯಿ ಚಪ್ಪಲಿ ಬಿಟ್ಟು ದಂಡೆಗೆ ಇಳಿದಳು. ಬೋಗುಣಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಒಂದು ಮುಷ್ಟಿ ಚರಗ ತೆಗೆದಳು. ಅಷ್ಟರಲ್ಲಿ ಖಾಕಿ ಅಂಗಿಯ ಕಾವಲುಗಾರ ಕೋಲು ಊರುತ್ತ ಬಂದ. ಅವನೂ ಆಯಿಯ ವಾರಿಗೆಯವನೇ, ಮೀಸೆಯೆಲ್ಲ ಬಿಳುಪಾಗಿತ್ತು.

"ಯವ್ವಾ, ಏನ ಮಾಡಾಕತ್ತಿ?"

"ಚರಗಾ ಚೆಲ್ಲತೇನೋ ಯಪ್ಪಾ. ಅಲ್ಲೆ ಕೆಳಗ ನಮ್ಮ ಹೊಲಾ ಐತಿ."

ಅವನು ಬೋಗುಣಿ ನೋಡಿದ, ಬನ್ನಿ ಗಿಡದ ತುದಿ ನೋಡಿದ, ಆಮೇಲೆ ಹಿಂದೆ ತಿರುಗಿ ಆಫೀಸಿನ ಕಡೆ ನೋಡಿದ. "ಲಗೂನ ಮುಗಸಬೇ ಮತ್ತ. ಇವತ್ತ ಸಾಹೇಬ್ರ ಮಂದಿ ಬರೂದೈತಿ," ಎಂದು ದನಿ ತಗ್ಗಿಸಿ ಹೇಳಿದ.

ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಆಯಿ ಚೆಲ್ಲುತ್ತಿದ್ದಳು, ಅಪ್ಪ ನೀರು ಚಿಮುಕಿಸುತ್ತಿದ್ದ, ನಾವು ಉಂಡು ದೋಣಿಯಲ್ಲಿ ಕೂತು ಮನೆಗೆ ಹೋಗುತ್ತಿದ್ದೆವು. ಆದರೆ ನಾನಿದ್ದೆನಲ್ಲ, ಓದು ಬಂದವಳು! ಆಯಿಯ ತಲೆಯ ಮೇಲೆಯೇ ಒಂದು ಬಿಳಿ ಹಲಗೆ ಇತ್ತು. ಅದರ ಮೇಲೆ ಇಂಗ್ಲಿಷಿನಲ್ಲಿ ಒಂದೇ ಒಂದು ಸಾಲು. ನಾನು ಕೈಕಟ್ಟಿ ನಿಂತು, ಸಿಸ್ಟರು ಕಲಿಸಿದ ಹಾಗೆ ಗಂಟಲೆತ್ತಿ ಓದಿದೆ. "ಡು ನಾಟ್ ಥ್ರೋ ಫುಡ್ ಇನ್ ದ ವಾಟರ್!" ಯಾರಿಗೂ ತಿಳಿಯಲಿಲ್ಲವೆಂದು ಕನ್ನಡದಲ್ಲೂ ಹೇಳಿದೆ. "ಆಯಿ, ನೀರಿನಾಗ ತಿನ್ನೂದು ಒಗೀಬಾರ್ದು ಅಂತ ಬರದಾರ!"

ಆಫೀಸಿನ ಬಾಗಿಲಲ್ಲಿ ನಿಂತಿದ್ದ ಟೆರಿಲಿನ್ ಶರ್ಟಿನ ಒಬ್ಬ ಮನುಷ್ಯ ತಿರುಗಿ ನೋಡಿದ. ಆ ತೋಟದ ಮೇಲ್ವಿಚಾರಣೆ ಅವನದಂತೆ. ಜೇಬಿನಲ್ಲಿ ಎರಡು ಪೆನ್ನು, ಬೆಳ್ಳಗಿನ ಕೈಗಡಿಯಾರ. ನಗುತ್ತಲೇ ಬಂದು ನನ್ನ ತಲೆ ಸವರಿದ.

"ಭಾಳ ಶಾಣ್ಯಾ ಇದ್ದಿಯಲ್ಲ! ಯಾವ ಸಾಲಿ ತಂಗಿ?"

ನಾನು ಶಾಲೆಯ ಹೆಸರು ಹೇಳಿದೆ. ಹೇಳುವಾಗ ನಕ್ಕೆ. ಆ ನಗು ನೆನಪಾದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅವನು ಕಾವಲುಗಾರನ ಕಡೆ ತಿರುಗಿದ. ನಗು ಹಾರಿಹೋಗಿತ್ತು. "ಸಣ್ಣ ಹುಡುಗಿಗಿ ಕಾಣೂ ಬೋರ್ಡ್ ನಿನಗ ಕಾಣಂಗಿಲ್ಲೇನು?"

"ನನಗ ಇಂಗ್ಲಿಷ್ ಎಲ್ಲಿ ಬರತೈತ್ರಿ ಸಾಹೇಬ್ರ?"

"ಎದುರಾಡಬ್ಯಾಡ. ತಗೊಂಡ ಡಬ್ಬಿಗಿ ಹಾಕು ಅದನ್ನ."

"ಎಂಜಲಾ ಅಲ್ರೀ ಅಪ್ಪಾ," ಆಯಿ ಅಂದಳು. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಚರಗಾ ಐತಿ. ಹೊಲಕ್ಕ ಉಣಸೂದು."

"ಹೊಲಾ ಎಲ್ಲೈತಬೇ ಮುದುಕಿ ಇಲ್ಲೆ? ನೀರ ಐತಿ. ಕಸಾ ಅಂದ್ರ ಕಸಾನ."

ಅಪ್ಪ ಏನಾದರೂ ಹೇಳುತ್ತಾನೆ ಎಂದು ನಾನು ಅವನ ಮುಖ ನೋಡಿದೆ. ಅಪ್ಪ ಕೈಯಲ್ಲಿದ್ದ ತಂಬಿಗೆಯನ್ನು ಹಿಂದೆ ಮರೆಮಾಡಿಕೊಂಡ. ಕಾವಲುಗಾರ ಎರಡೂ ಕೈ ಚಾಚಿ, ಪ್ರಸಾದ ಇಸಿದುಕೊಳ್ಳುವ ಹಾಗೆ, ಆಯಿಯ ಕೈಯಿಂದ ಬೋಗುಣಿ ತೆಗೆದುಕೊಂಡ. ಮೊಲದ ತೆರೆದ ಬಾಯಿಗೆ ಅದನ್ನು ಬಗ್ಗಿಸಿದ. ಒಳಗೆ ಬಾಳೆಸಿಪ್ಪೆಯ ಮೇಲೆ, ಸುಟ್ಟ ಬೀಡಿಯ ಮೇಲೆ ನಮ್ಮ ಹೊಲದ ಊಟ ತಪ್ಪನೆ ಬಿತ್ತು. ನಾನು ಆ ಸದ್ದು ಕೇಳಿದೆ. ಅವನು ಬೋಗುಣಿಯನ್ನು ಕಣ್ಣಿಗೊತ್ತಿಕೊಂಡು ಅವ್ವನ ಕೈಗೆ ಕೊಟ್ಟ, ಆಯಿಗೆ ಕೊಡಲಿಲ್ಲ. ಆಯಿಯ ಮುಖ ನೋಡಲು ಅವನಿಗೆ ಆಗಲಿಲ್ಲ ಅಂತ ಕಾಣುತ್ತದೆ.

ನಾವು ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ ಕೂತೆವು. ಸಿಹಿ ಹೋಳಿಗೆ ನನ್ನ ಬಾಯಲ್ಲಿ ಮಣ್ಣಿನ ಹಾಗೆ ಹೊರಳುತ್ತಿತ್ತು. ಆಯಿ ಮಾತ್ರ ತುತ್ತು ಮುಟ್ಟಲಿಲ್ಲ. ಅವಳ ಬಲಗೈ ಮಡಿಲಲ್ಲಿ ಮುಷ್ಟಿಯಾಗಿಯೇ ಇತ್ತು. ಆಗಲೇ ತೆಗೆದಿದ್ದ ಆ ಒಂದು ಹಿಡಿ ಚರಗವನ್ನು ಅವಳು ಯಾರಿಗೂ ಕೊಟ್ಟಿರಲಿಲ್ಲ. ಬೆರಳ ಸಂದಿನಿಂದ ಮೊಸರು ಇಳಿದು ಹಸಿರು ಸೀರೆಯ ಮೇಲೆ ಬಿಳಿಯ ಗೆರೆಯಾಗಿ ಒಣಗುತ್ತಿತ್ತು. "ಅತ್ತಿ, ಕೈ ತೊಳಕೋರಿ," ಎಂದು ಅವ್ವ ಅಂದಳು. "ಇರಲಿ ಬಿಡು," ಅಂದಳು ಆಯಿ.

ಆಗ ಕಾವಲುಗಾರ ಹೇಳಿದ್ದ ದೊಡ್ಡ ಸಾಹೇಬರ ಜೀಪು ಬಂತು. ಬಣ್ಣದ ಕೊಡೆ ಹಿಡಿದ ಅವರ ಹೆಂಡತಿ ಬಾಯಿಸಾಹೇಬರು, ಬೂಟು ಹಾಕಿಕೊಂಡ ಎರಡು ಮಕ್ಕಳು. ಟೆರಿಲಿನ್ ಶರ್ಟಿನವನು ಓಡಿಹೋಗಿ ಗೇಟು ತೆರೆದ. ತಾನೇ ಒಂದು ಪೊಟ್ಟಣ ಚುರುಮರಿ ತಂದು ಆ ಮಕ್ಕಳ ಕೈಗೆ ಕೊಟ್ಟ. ಅವರು ಅದೇ ದಂಡೆಯಲ್ಲಿ, ಅದೇ ಬಿಳಿ ಹಲಗೆಯ ಕೆಳಗೆ ನಿಂತು ಬಾತುಕೋಳಿಗಳಿಗೆ ಹಿಡಿ ಹಿಡಿ ಚುರುಮರಿ ಎಸೆದರು. ನೀರಿನ ತುಂಬ ಬಿಳಿಯ ಕಾಳು ತೇಲಿದವು. "ಇನ್ನಾ ದೂರ ಒಗೀರಿ ಬಾಬಾ, ಇನ್ನಾ ದೂರ," ಎಂದು ಆತ ಚಪ್ಪಾಳೆ ತಟ್ಟಿ ನಗುತ್ತಿದ್ದ.

ನಾನು ತಾಟು ಬಿಟ್ಟು ಎದ್ದೆ. ನೇರವಾಗಿ ಹೋಗಿ ಆ ಹಲಗೆಯ ಕೆಳಗೆ ನಿಂತೆ. ಈ ಸಲ ಕೈ ಕಟ್ಟಲಿಲ್ಲ. ಮೊದಲು ಓದಿದ್ದಕ್ಕಿಂತ ಜೋರಾಗಿ, ಒಂದೊಂದೇ ಅಕ್ಷರ ಕಡಿದು ಓದಿದೆ. "ಡು ನಾಟ್ ಥ್ರೋ ಫುಡ್ ಇನ್ ದ ವಾಟರ್!"

ಬಾಯಿಸಾಹೇಬರು ತಿರುಗಿ, "ಅಯ್ಯ, ಎಷ್ಟು ಚಂದ ಓದ್ತಾಳ ನೋಡ್ರಿ ಈ ಹುಡುಗಿ!" ಅಂದರು. ನಾನು ಮತ್ತೆ ಓದಿದೆ. ಮೂರನೆಯ ಸಲ ಓದುವ ಹೊತ್ತಿಗೆ ನನ್ನ ದನಿ ಒಡೆದಿತ್ತು. ಯಾರೂ ಈಗ ನಗುತ್ತಿರಲಿಲ್ಲ. ಟೆರಿಲಿನ್ ಶರ್ಟಿನವನು ಹಲ್ಲು ಕಡಿದು, "ಯಾರ ಹುಡುಗಿ ಇದು? ಕರಕೊಂಡ ಹೋಗ್ರಿ!" ಎಂದ.

ಅಪ್ಪ ಬಂದ. ನನ್ನ ರಟ್ಟೆ ಹಿಡಿದ. "ತಪ್ಪಾತ್ರಿ ಸಾಹೇಬ್ರ, ಸಣ್ಣದೈತ್ರಿ," ಅಂದ. ತಪ್ಪು ಯಾರದು? ಯಾವ ತಪ್ಪು? ನನ್ನನ್ನು ಬುತ್ತಿಯ ಹತ್ತಿರ ಎಳೆದುಕೊಂಡು ಬಂದ. ನಾನು ಅವನನ್ನು ಆವತ್ತು ಕ್ಷಮಿಸಲಿಲ್ಲ. ಎಷ್ಟೋ ದಿನ ಅವನ ಹುಬ್ಬಿನ ಹತ್ತಿ ತೆಗೆಯಲು ಹೋಗಲಿಲ್ಲ.

ದೋಣಿಯ ಚೀಟಿ ಅಪ್ಪ ಬಂದ ಕೂಡಲೇ ತೆಗೆಸಿಟ್ಟಿದ್ದ. "ನನಗ ದೋಣಿ ಬ್ಯಾಡ," ಎಂದು ನಾನು ಮುಖ ತಿರುವಿದೆ. ಆಗ ಆಯಿ ಎದ್ದು ನಿಂತಳು. ಬಾವಿಯಲ್ಲಿ ಇಣುಕಲೂ ಹೆದರುತ್ತಿದ್ದವಳು.

"ನಡೀರಿ. ನಾನೂ ಕುಂದರತೇನಿ."

ದೋಣಿಯ ಹುಟ್ಟು ಹಾಕುವ ಕೆಲಸವೂ ಆ ಕಾವಲುಗಾರನದೇ ಆಗಿತ್ತು. ಆಯಿ ಎಡಗೈಯಲ್ಲಿ ದೋಣಿಯ ಅಂಚು ಹಿಡಿದು ಕೂತಳು, ಬಲಗೈ ಸೆರಗಿನೊಳಗೆ. ಅವನು ಆ ಸೆರಗಿನ ಕಡೆ ಒಮ್ಮೆ ನೋಡಿದ. ದಂಡೆಗೆ ಕೇಳಿಸುವ ಹಾಗೆ, "ಒಂದ ಸಣ್ಣ ಸುತ್ತ ಹಾಕಸ್ತೇನ್ರಿ!" ಎಂದು ಕೂಗಿ ಹೇಳಿ, ದೋಣಿಯನ್ನು ನೇರವಾಗಿ ಬನ್ನಿ ಗಿಡದ ಕಡೆ ತಿರುಗಿಸಿದ. ನೀರುಕಾಗೆಗಳು ಎದ್ದು ಹೋದವು. ನೀರು ಅಲ್ಲಿ ತಿಳಿಯಾಗಿತ್ತು, ಪಾಚಿ ಹಿಡಿದ ಟೊಂಗೆಗಳು ಕೆಳಕೆಳಗೆ ಇಳಿದು ಕತ್ತಲಲ್ಲಿ ಕಾಣದಾಗುತ್ತಿದ್ದವು.

"ನಿನ್ನ ಹೊಲಾ ಎಲ್ಲೋ?" ಎಂದು ಆಯಿ ಅವನನ್ನು ಕೇಳಿದಳು.

"ನಂದು ಒಡ್ಡಿನ ಆಚೀಕ ಐತಬೇ," ಅಂದ ಅವನು. ಹುಟ್ಟು ಎತ್ತಿ ಹಿಡಿದ. ದೋಣಿ ನಿಂತಿತು.

ಆಯಿ ಬಗ್ಗಿ ಬಲಗೈಯನ್ನು ಮೊಣಕೈವರೆಗೆ ನೀರಿನೊಳಗೆ ಇಳಿಸಿ ಮುಷ್ಟಿ ಬಿಚ್ಚಿದಳು. ಚರಗ ಬೆಳ್ಳಗೆ ಒಂದು ಮೋಡದ ಹಾಗೆ ಬಿಡಿಸಿಕೊಳ್ಳುತ್ತ, ಟೊಂಗೆಗಳ ನಡುವೆ ಕೆಳಗೆ ಇಳಿಯಿತು. ಒಂದೆರಡು ಎಳ್ಳು ಮಾತ್ರ ಮೇಲೆ ತೇಲಿದವು. ಆಗ ಅಪ್ಪ, ಅಷ್ಟು ಹೊತ್ತು ಕಲ್ಲಿನಂತೆ ಕೂತಿದ್ದ ಅಪ್ಪ, ಬೊಗಸೆಯಲ್ಲಿ ನೀರು ತೆಗೆದು ಅದರ ಮೇಲೆ ಚಿಮುಕಿಸಿದ. ನೀರಿನ ಮೇಲೆ ನೀರು. ಮೂರು ಸಲ. ಅವನ ಗಲ್ಲದಿಂದಲೂ ಇಳಿಯುತ್ತಿತ್ತು.

"ಹುಲ್ಲುಲ್ಲಿಗೋ" ಎಂದು ಕೂಗುವುದೊಂದು ಉಳಿದಿತ್ತು. ಆಯಿ ತುಟಿ ಅಲ್ಲಾಡಿಸಿದಳು, ದನಿ ಹೊರಡಲಿಲ್ಲ. ದಂಡೆಯ ಮೇಲೆ ಆ ಮನುಷ್ಯ ನಿಂತಿದ್ದನಲ್ಲ. ಒಂದು ಸಾಲು ಇಂಗ್ಲಿಷನ್ನು ಮೂರು ಸಲ ಕಿರುಚಿದ ನಾನು, ನಮ್ಮದೇ ಒಂದು ಕೂಗನ್ನು ಕೂಗಲಿಲ್ಲ. ಗಂಟಲವರೆಗೆ ಬಂದಿತ್ತು, ನುಂಗಿಬಿಟ್ಟೆ. ಮನೆಗೆ ಬಂದ ಮೇಲೆ ಆಯಿ ಒಂದು ರೊಟ್ಟಿ ತಿಂದಳು. ನನ್ನನ್ನು ಯಾರೂ ಬಯ್ಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಈಗ ನೀವು ಭಾನುವಾರ ಭಾನುವಾರ ನನ್ನನ್ನು ಕೆರೆಯ ಪಾರ್ಕಿಗೆ ಕರೆದುಕೊಂಡು ಹೋಗುತ್ತೀರಿ. ಬಣ್ಣಬಣ್ಣದ ಪೆಡಲು ದೋಣಿ, ಐಸ್‌ಕ್ರೀಮು, ಮೊಬೈಲಿನಲ್ಲಿ ಫೋಟೋ. ಹಲಗೆಗಳು ಕನ್ನಡದಲ್ಲೂ ಇವೆ. ಕಸದ ಡಬ್ಬಿಗಳು ಹಸಿರು, ನೀಲಿ ಎಂದು ಬೇರೆ ಬೇರೆ. ನೀವು ಈಜು ಕಲಿತವರು, ನೀರಿನ ಮೇಲೆ ತೇಲುವಾಗ ಕೆಳಗೆ ಏನಿದೆ ಎಂದು ನಿಮಗೆ ಯಾರೂ ಹೇಳಿಲ್ಲ. ಹೋದ ವಾರ ದಂಡೆಯಲ್ಲಿ ಒಬ್ಬ ಅಜ್ಜ ಮೀನಿಗೆ ಒಂದಿಷ್ಟು ಹಿಟ್ಟು ಹಾಕುತ್ತಿದ್ದ. ನಿಮ್ಮಲ್ಲೊಬ್ಬರು ಓಡಿಹೋಗಿ ಹಲಗೆ ತೋರಿಸಿ ಜೋರಾಗಿ ಓದಿದಿರಿ. ಅಜ್ಜ ಕೈ ಹಿಂದೆಗೆದುಕೊಂಡ. ಎಲ್ಲರೂ ನಿಮ್ಮನ್ನು ಹೊಗಳಿದರು. ನಾನೊಬ್ಬಳು ಮನೆಯ ತನಕ ಮಾತಾಡಲಿಲ್ಲ. "ಅಜ್ಜಿಗೆ ಯಾಕೆ ಸಿಟ್ಟು?" ಎಂದು ನೀವು ಕೇಳಿದ್ದಕ್ಕೆ ಇಷ್ಟೆಲ್ಲ ಬರೆದೆ.

ನೀರು ಕೆಡಬಾರದು, ಮಕ್ಕಳೇ, ಆ ಮಾತು ಖರೆ. ನನ್ನ ಸಿಟ್ಟು ಹಲಗೆಯ ಮೇಲಲ್ಲ. ಒಂದು ಕೈಗೆ ಅಡ್ಡ ಬಂದು ಇನ್ನೊಂದು ಕೈಗೆ ಚಪ್ಪಾಳೆ ತಟ್ಟಿದ ಆ ಮನುಷ್ಯನ ಮೇಲೆ. ಹೊಲ ಮುಳುಗಿ ಬಂದ ಹಣದಲ್ಲಿ ಕಲಿತ ಓದನ್ನು ಹೊಲದ ಬಾಯಿಗೇ ಅಡ್ಡ ಹಿಡಿದ ಆ ಬಿಳಿ ರಿಬ್ಬನ್ನಿನ ಹುಡುಗಿಯ ಮೇಲೆ. ಇಷ್ಟು ವರ್ಷ ಆದರೂ ಅದು ಆರಿಲ್ಲ, ಆರುವುದು ನನಗೆ ಬೇಕಾಗಿಯೂ ಇಲ್ಲ.

ಬರುವ ಎಳ್ಳಮಾಸಿಗೆ ನಿಮ್ಮನ್ನು ಆ ಕೊಳಕ್ಕೆ ಕರೆದುಕೊಂಡು ಹೋಗುತ್ತೇನೆ. ಬನ್ನಿ ಗಿಡದ ತುದಿ ಈಗ ಇಲ್ಲ, ಗುಡ್ಡದ ಸಾಲು ನೋಡಿ ನಾನು ಜಾಗ ತೋರಿಸುತ್ತೇನೆ. ನೀರಿಗೆ ಏನೂ ಹಾಕುವುದಿಲ್ಲ, ಹೆದರಬೇಡಿ. ಅಲ್ಲಿ ಹಲಗೆ ಇದ್ದರೆ ನೀವು ಜೋರಾಗಿ ಓದಿ. ಓದಿ ಮುಗಿದ ಮೇಲೆ ಸ್ವಲ್ಪ ಸರಿದು ನಿಲ್ಲಿ. ಒಂದು ಕೂಗು ಬಾಕಿ ಇದೆ.